ಸಿದ್ರಾಮ ಮುತ್ಯಾ ಸಿಕ್ಕ ಸುದ್ದಿ

ನಿವೃತ್ತರಾದವರ ಕೈಗೆ ಕಾಗದ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗಿಡ ಕೊಡಿ, ಮೊಮ್ಮಕ್ಕಳನ್ನು ಕೊಡಿ, ಬೇಕಿದ್ದರೆ ಬಿ.ಪಿ. ನೋಡುವ ಯಂತ್ರ ಕೊಡಿ, ಕಾಗದ ಮಾತ್ರ ಬೇಡ. ಔರಾದಿನ ತಹಶೀಲ್ ಕಚೇರಿಯ ದಫ್ತರ ಕೋಣೆಯಲ್ಲಿ ಮೂವತ್ತು ವರ್ಷ ಧೂಳು ಕುಡಿದು, ಊರವರ ಪಹಣಿ ಹುಡುಕಿ ಕೊಟ್ಟು, ಬೀದರಿನ ಮನೆಗೆ ಬಂದು ಕುಳಿತವನು ನಾನು. ಒಂದು ತಿಂಗಳು ಸುಮ್ಮನಿದ್ದೆ. ಎರಡನೆಯ ತಿಂಗಳು ಹೆಂಡತಿಯ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸತೊಡಗಿದೆ. ತೊಗರಿಬೇಳೆ, ಕಡಲೆಬೇಳೆ, ಅನುಕ್ರಮ ಸಂಖ್ಯೆ ಸಹಿತ. “ನಿಮ್ಮ ಮನೆತನದಾಗ ಕಳದಹೋದ ಮಂದಿ ಇದ್ದಾರಲ್ರಿ, ಅವರ್ನ ಹುಡಕ್ರಿ. ನನ್ನ ಅಡಗಿಮನಿ ಬಿಡ್ರಿ!” ಎಂದಳು. ಸಿಟ್ಟಿನಲ್ಲಿ ಅಂದ ಮಾತು ಅದು. ನಾನು ಅದನ್ನು ಸರ್ಕಾರಿ ಆದೇಶವೆಂದು ತಿಳಿದುಕೊಂಡೆ.

ಕಳೆದುಹೋದವನು ನನ್ನ ಅಜ್ಜನ ಅಣ್ಣ, ಸಿದ್ರಾಮ ಮುತ್ಯಾ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಎತ್ತಿಗೆ ನೀರು ಕುಡಿಸುವವರು ಯಾರು ಎಂಬ ವಿಷಯಕ್ಕೆ ನನ್ನ ಅಜ್ಜನ ಸಂಗಡ ಜಗಳವಾಡಿ, ಕಂಬಳಿ ಹೆಗಲಿಗೇರಿಸಿ ಭಾಲ್ಕಿಯ ಮನೆಯಿಂದ ಹೊರಬಿದ್ದವನು. ಮನೆಯಲ್ಲಿ ಹೆಂಡತಿ ತಂಗೆಮ್ಮ, ಮೂರು ವರ್ಷದ ಮಗಳು. ಸೊಲ್ಲಾಪುರದಲ್ಲಿ ಇಂಗ್ಲಿಷರ ಫೌಜಿಗೆ ಸೇರಿದನಂತೆ ಎಂದು ಯಾರೋ ಅಂದರು. ಆಮೇಲೆ ಸುದ್ದಿಯೇ ಇಲ್ಲ. ನಮ್ಮದು ನಿಜಾಮನ ಸೀಮೆ, ಹಳೆಯ ಕಾಗದವೆಲ್ಲ ಉರ್ದು. ಪಕ್ಕದ ಮನೆಯ ಖಾಜಾ ಮಾಸ್ತರರು ಉರ್ದು ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಅವರನ್ನು ಹಿಡಿದು ಓದಿಸಿದೆ. ಅದರಲ್ಲಿ ನಮ್ಮ ಹೊಲವಿತ್ತು, ಬಾವಿಯಿತ್ತು, ಬೇವಿನ ಮರ ಕೂಡ ಇತ್ತು. ಮನುಷ್ಯ ಇರಲಿಲ್ಲ. “ಆದಮಿ ಇಂಗ್ಲಿಷರ ಕೈಗಿ ಹೋಗ್ಯಾನ್ರಿ, ಅವರ ದಫ್ತರದಾಗೇ ನೋಡಬೇಕು” ಎಂದರು ಮಾಸ್ತರರು. ಕನ್ನಡಕ ತೆಗೆದಿಟ್ಟು, “ಸಿಕ್ಕಮ್ಯಾಲ ಏನ್ ಮಾಡ್ತೀರಿ?” ಎಂದೂ ಕೇಳಿದರು. ನಾನು ನಕ್ಕುಬಿಟ್ಟೆ. ಫೈಲು ಹುಡುಕುವುದು ನಮ್ಮ ಕೆಲಸ, ಸಿಕ್ಕ ಮೇಲಿನದು ಸಾಹೇಬರ ಕೆಲಸ. ಮೂವತ್ತು ವರ್ಷ ಹಾಗೇ ನಡೆದಿತ್ತು.

ಎರಡು ವರ್ಷ ಕಂಪ್ಯೂಟರಿನ ಮುಂದೆ ಕಣ್ಣು ಸವೆಸಿದೆ. ಕೊನೆಗೆ ಒಂದು ಮಧ್ಯಾಹ್ನ ಬ್ರಿಟಿಷರ ಹಳೆಯ ಪಟ್ಟಿಯೊಂದರಲ್ಲಿ ಮುತ್ಯಾ ಸಿಕ್ಕೇಬಿಟ್ಟ. ಆ ಜನರ ಶಿಸ್ತಿಗೆ ಕೈಮುಗಿಯಬೇಕು ಮಾರಾಯರೇ! ಅರ್ಧ ಜಗತ್ತು ಆಳುವ ಗಡಿಬಿಡಿಯಲ್ಲೂ ನಮ್ಮ ಮುತ್ಯಾನ ಎದೆಯನ್ನು ಉಸಿರು ಬಿಟ್ಟಾಗ ಒಮ್ಮೆ, ಹಿಡಿದಾಗ ಒಮ್ಮೆ ಅಳೆದಿದ್ದರು. ಎತ್ತರ, ತಂದೆಯ ಹೆಸರು, ಊರು ಭಾಲ್ಕಿ, ಎಡಗಾಲಿನ ಕಿರುಬೆರಳು ಇಲ್ಲ. ಕೆಲಸ, ಫೌಜಿನ ಸಾಮಾನು ಹೊರುವ ಹೇಸರಗತ್ತೆ ಹೊಡೆಯುವುದು. ಎತ್ತಿಗೆ ನೀರು ಕುಡಿಸಲಾರೆ ಎಂದು ಮನೆ ಬಿಟ್ಟವನು ಕತ್ತೆಗಳಿಗೆ ಕುಡಿಸಿದ್ದ. ಕೊನೆಯ ಸಾಲಿನಲ್ಲಿ, ಬರ್ಮಾದ ಗಡಿಯ ಆಸ್ಪತ್ರೆಯಲ್ಲಿ ಜ್ವರದಿಂದ ಸತ್ತ, ಅಲ್ಲಿಯೇ ಮಣ್ಣು ಮಾಡಲಾಯಿತು ಎಂದಿತ್ತು. ಹತ್ತಿರದ ಸಂಬಂಧಿಕರು ಎಂಬಲ್ಲಿ ಒಂದು ಗೆರೆ ಎಳೆದಿತ್ತು. ಯಾರ ಹೆಸರನ್ನೂ ಬರೆಸಿರಲಿಲ್ಲ. ಸುದ್ದಿ ಯಾಕೆ ಬರಲಿಲ್ಲವೆಂಬುದು ಆಗ ತಿಳಿಯಿತು. ಆ ಪುಟವನ್ನು ಕಾಗದಕ್ಕಿಳಿಸಿಕೊಂಡು, ಕುಣಿದಾಡಿ ಓಣಿಗೆಲ್ಲ ಪೇಢೆ ಹಂಚಿದೆ. ಸಾವಿನ ಸುದ್ದಿಗೆ ಪೇಢೆ ಹಂಚಿದವನು ನಮ್ಮ ವಂಶದಲ್ಲಿ ನಾನೊಬ್ಬನೇ ಇರಬೇಕು.

ಮುತ್ಯಾನ ಆ ಮಗಳೇ ನಮ್ಮ ಕಾಶಮ್ಮ ಅತ್ತೆ. ತೊಂಬತ್ತರ ಹತ್ತಿರ ಬಂದಿದ್ದಾಳೆ. ಮನೆಯಳಿಯನನ್ನು ತಂದುಕೊಂಡದ್ದರಿಂದ ಭಾಲ್ಕಿಯ ಅದೇ ಮನೆಯಲ್ಲಿ ಮಗ, ಸೊಸೆಯ ಜೊತೆ ಇದ್ದಾಳೆ. ನಮ್ಮಲ್ಲಿ ಮಹಾನವಮಿ ಅಮಾವಾಸ್ಯೆಗೆ, ತೀರಿಕೊಂಡ ಹಿರಿಯರಿಗೆ ಒಬ್ಬೊಬ್ಬರಿಗೆ ಒಂದೊಂದು ಎಡೆ ಇಡುತ್ತೇವೆ. ಅವರವರಿಗೆ ಸೇರುತ್ತಿದ್ದ ಅಡುಗೆಯನ್ನೇ ಮಾಡಬೇಕು. ಸಿದ್ರಾಮ ಮುತ್ಯಾನಿಗೆ ಎಂದೂ ಎಡೆ ಇಟ್ಟಿಲ್ಲ. ಸತ್ತನೆಂದು ಯಾರು ಹೇಳಿದ್ದರು? ಲೆಕ್ಕ ಹಾಕಿದರೆ ನೂರು ದಾಟಿ ಎಷ್ಟೋ ಆಗಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಆ ಮನೆಯ ಮಟ್ಟಿಗೆ ಅವನು ಹೊರಗೆ ಹೋಗಿದ್ದ, ಅಷ್ಟೆ. ತಂಗೆಮ್ಮಾಯಿ ಸಾಯುವ ತನಕ ಕುಂಕುಮ, ಹಸಿರು ಬಳೆ ಬಿಟ್ಟಿರಲಿಲ್ಲ. ಮುತ್ತೈದೆಯ ಸಾವೆಂದು ಹಸಿರು ಸೀರೆ ಉಡಿಸಿ ಕಳಿಸಿದೆವು. ನಾನೇ ಹೆಗಲು ಕೊಟ್ಟಿದ್ದೆ. ಇಷ್ಟೆಲ್ಲ ಗೊತ್ತಿದ್ದೂ ಆ ಕಾಗದ ಕೈಯಲ್ಲಿದ್ದಾಗ ಒಂದೂ ನೆನಪಾಗಲಿಲ್ಲವಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮರುದಿನ ಬೆಳಿಗ್ಗೆಯ ಬಸ್ಸಿಗೇ ಭಾಲ್ಕಿಗೆ ಹೋದೆ. ಹೊಸ್ತಿಲಲ್ಲೇ ನಿಂತು, “ಅತ್ತಿ, ಸಿದ್ರಾಮ ಮುತ್ಯಾ ಸಿಕ್ಕಾನ!” ಎಂದು ಕೂಗಿದೆ.

ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನನ್ನ ಹೆಗಲಾಚೆ ಅಂಗಳದ ಕಡೆ ಕತ್ತು ಚಾಚಿ, “ಅಪ್ಪನ್ನ ಹೊರಗ ಯಾಕ ನಿಂದ್ರಿಸಿದಿ?” ಎಂದಳು.

ಆಗಲಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ತಹಶೀಲ್ದಾರರ ಮುಂದೆ ಓದಿದಂತೆ ಹೆಸರು, ಊರು, ಎತ್ತರ, ಎದೆ ಎಂದು ಓದುತ್ತ ಹೋದೆ. ಬೆರಳಿನ ಮಾತು ಬಂದಾಗ, “ಹೌದು, ಕೊಡಲಿ ಬಿದ್ದಿತ್ತಂತ ಅವ್ವ ಹೇಳ್ತಿದ್ದಳು” ಎಂದು ತಲೆಯಾಡಿಸಿದಳು. ಅದೇ ಹುರುಪಿನಲ್ಲಿ ಜ್ವರ, ಆಸ್ಪತ್ರೆ, ಮಣ್ಣು ಎಲ್ಲವನ್ನೂ ಓದಿ ಮುಗಿಸಿದೆ. ಓದಿದ ಮೇಲೆ ಏನು ಓದಿದೆನೆಂಬುದು ನನಗೇ ಕೇಳಿಸಿತು.

ಅತ್ತೆ ಅಳಲಿಲ್ಲ. “ಆವಾಗ ನಾ ಎಷ್ಟಿದ್ದೆ?”

“ಆರು ವರ್ಷ ಇರಬೇಕ್ ಅತ್ತಿ.”

“ಅದರ ಮ್ಯಾಲ ನಲವತ್ತ ವರ್ಷ ಅವ್ವ ಕುಂಕುಮ ಹಚಕೊಂಡಳಲ್ಲೋ ತಮ್ಮಾ. ಮುತ್ತೈದಿ ಅಂತ ಊರ ಹೆಣಮಕ್ಕಳೆಲ್ಲ ಆಕಿ ಕಾಲಿಗಿ ಬಿದ್ದರು.”

“ಒಂದೇ ಹೆಸರಿನವರು ಬಾಳ ಮಂದಿ ಇರ್ತಾರ ಅತ್ತಿ. ಇಂಗ್ಲಿಷರೂ ತಪ್ಪ ಬರೀತಾರ” ಎಂದು ತೊದಲಿದೆ.

“ಬೆರಳೂ ತಪ್ಪ ಬರದಾರೇನು?” ಎಂದಳು. ಸೆರಗು ಸರಿಮಾಡಿಕೊಂಡು, “ಛಲೋ ಆತು ಬಿಡು. ಆಕಿ ಇದ್ದಾಗ ನೀ ಹುಡಕಲಿಲ್ಲ” ಎಂದಳು. ಕುಹಕವಲ್ಲ ಅದು, ಮನಸ್ಸಿನಿಂದ ಅಂದ ಮಾತು. ಅದಕ್ಕಿಂತ ನನ್ನ ಕೆನ್ನೆಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ಆಮೇಲೆ ಕೇಳಿದಳು, “ಮನಿಯವರ ಹೆಸರು ಏನಾರ ಬರಸ್ಯಾನೇನು ಅಪ್ಪ?”

ಗೆರೆಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದೆ. “ಬರಸ್ಯಾನ. ಹೆಂಡತಿ ತಂಗೆಮ್ಮ, ಮಗಳು ಕಾಶಮ್ಮ.”

“ನನ್ನ ಹೆಸರೂ?”

“ನಿನ್ನ ಹೆಸರೂ.”

ಅತ್ತೆ ಕಾಗದವನ್ನು ಈಸಿಕೊಂಡು, ತಲೆಕೆಳಗಾಗಿ ಹಿಡಿದು ನೋಡಿ ಕೊಟ್ಟಳು. “ಅಮಾಸಿ ಬರ್ಲಿಕತ್ತದ. ಅವಂಗೂ ಎಡಿ ಇಡಬೇಕಲ್ಲ. ಏನ್ ಸೇರ್ತಿತ್ತು ಅಂತ ಬರದಾರೇನು ನೋಡು.”

ನೋಡಿದೆ. ಎದೆಯ ಸುತ್ತಳತೆ ಎರಡು ಸಲ ಇತ್ತು. ಇದು ಇರಲಿಲ್ಲ. “ಕರಿಗಡಬು” ಎಂದು ಓದಿದೆ. ಯಾಕೆ ಹಾಗೆ ಬಾಯಿಗೆ ಬಂತೆಂದರೆ, ಅದು ನನಗೆ ಸೇರುತ್ತದೆ, ಅಷ್ಟೆ.

ಅಮಾವಾಸ್ಯೆಗೆ ನಾನೂ ಭಾಲ್ಕಿಗೆ ಹೋದೆ. ಸೊಸೆ ಬೇಡವೆಂದರೂ ಕೇಳದೆ ಅತ್ತೆಯೇ ಒಲೆಯ ಮುಂದೆ ಕುಳಿತು ಕಡಬು ಕರಿದಳು. ಹೊಸ ಎಲೆ ಹಾಕಿ ಎಡೆ ಇಟ್ಟಳು. ಕೈಮುಗಿದಾದ ಮೇಲೆ ಆ ಎಲೆಯನ್ನು ನನ್ನ ಮುಂದೆ ತಂದಿಟ್ಟು, “ಹುಡಕಿ ತಂದಾಂವ ನೀ, ನೀನೇ ತಿನ್ನು” ಎಂದಳು. ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ, ಕಡಬಿನ ತುದಿ ಮುರಿದು ತಿನ್ನತೊಡಗಿದೆ. ನನ್ನನ್ನೇ ನೋಡುತ್ತ ಕುಳಿತವಳ ಮುಖ ಒಮ್ಮೆಲೇ ಅರಳಿತು. “ಏ, ಇಲ್ಲಿ ನೋಡ ಬಾ” ಎಂದು ಸೊಸೆಯನ್ನು ಕರೆದಳು. “ಅಪ್ಪನೂ ಹಿಂಗೇ ಮದಲ ತುದಿ ಮುರದು ತಿಂತಿದ್ದ. ತನ್ನ ತೊಡಿ ಮ್ಯಾಲ ಕೂಡ್ರಿಸಕೊಂಡು ಆ ತುದಿ ನನಗ ಕೊಡ್ತಿದ್ದ. ಇಷ್ಟ ದಿನ ನೆನಪೇ ಇರಲಿಲ್ಲ ನೋಡು.”

ಮೂವತ್ತು ವರ್ಷ ದಫ್ತರ ಕಾದರೂ ಒಂದಕ್ಷರ ತಿದ್ದಿದವನಲ್ಲ ನಾನು. ಇನ್ನೊಂದು ಕಡಬು ಎತ್ತಿಕೊಂಡು, ಜೋಪಾನವಾಗಿ ತುದಿ ಮುರಿದು, ಅತ್ತೆಯ ಕೈಗೆ ಕೊಟ್ಟೆ.