ಮೊಣಕೈಯಿಂದ ಮುಖ ತಯಾರಿಸುವ ಕುರಿತು

ಗಡಿ ಜಿಲ್ಲೆಗಳ ಪತ್ರವ್ಯವಹಾರ ವಿಭಾಗ (ಕನ್ನಡ), ಬೇಗಂಪೇಟೆ, ಹೈದರಾಬಾದ್
(ಇಲಾಖೆಯ ಹೆಸರನ್ನು ಇಲಾಖೆಯ ಮರ್ಯಾದೆಯ ದೃಷ್ಟಿಯಿಂದ ಕೈಬಿಡಲಾಗಿದೆ)

ಸಂಖ್ಯೆ: ಗಪವಿ/ಅನಿಮೆ/1/2025-26
ದಿನಾಂಕ: 22-10-2025

ಸುತ್ತೋಲೆ

ವಿಷಯ: ಅಟೆಂಡರ್ ಶ್ರೀ ಮಾಣಿಕಪ್ಪ ಇವರ ಬೀಳ್ಕೊಡುಗೆಗಾಗಿ ಎಐ ಆ್ಯಪ್ ಬಳಸಿ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಮಾದರಿಯ, ವಿಡಿಯೊ ತಯಾರಿಸುವ ಹೊಸಬರು ಪಾಲಿಸಬೇಕಾದ ನಿಯಮಗಳ ಬಗ್ಗೆ.

ಉಲ್ಲೇಖ:
1) ಉಪ ನಿರ್ದೇಶಕ ಶ್ರೀ ಹನುಮಂತರಾಯ ಇವರ ಮೌಖಿಕ ಆದೇಶ (ಲಿಫ್ಟಿನಲ್ಲಿ).
2) ಅವರದೇ ಮೌಖಿಕ ದೂರು (ಅದೇ ಲಿಫ್ಟಿನಲ್ಲಿ, ಮೀಸೆಯ ಕುರಿತು).
3) ಶ್ರೀಮತಿ ಗಂಗಾ, ಮಲ್ಕಾಜ್‌ಗಿರಿ, ಇವರ ಪ್ರಶ್ನೆ.

ಮೂವತ್ತೆರಡು ವರ್ಷ ಸೇವೆ ಸಲ್ಲಿಸಿದ ಶ್ರೀ ಮಾಣಿಕಪ್ಪ ಇವರು ಇದೇ 31ರಂದು ವಯೋನಿವೃತ್ತಿ ಹೊಂದಲಿದ್ದಾರೆ. ಅಂದು ಅವರ ಧರ್ಮಪತ್ನಿ ಶ್ರೀಮತಿ ಗಂಗಾ ಇವರು ಮೊಟ್ಟಮೊದಲ ಬಾರಿಗೆ ಈ ಕಚೇರಿಗೆ ಬರಲಿದ್ದು, ತಮ್ಮ ಯಜಮಾನರು ಇಷ್ಟು ವರ್ಷ ಇಲ್ಲಿ ಏನಾಗಿದ್ದರು ಎಂಬುದನ್ನು ಪರದೆಯ ಮೇಲೆ ನೋಡಲಿದ್ದಾರೆ. ಕಚೇರಿಯ ಆಲ್ಬಮ್ಮಿನ ಫೋಟೊಗಳಿಂದ ಮೂರು ನಿಮಿಷದ ಅನಿಮೆ ವಿಡಿಯೊ ತಯಾರಿಸುವ ಹೊಣೆಯನ್ನು, ಮೊಬೈಲಿನಲ್ಲಿ ಗುಡ್ ಮಾರ್ನಿಂಗ್ ಕಳಿಸಬಲ್ಲರು ಎಂಬ ಅರ್ಹತೆಯ ಮೇಲೆ, ಅಧೀಕ್ಷಕ ಶ್ರೀ ಸಿದ್ದರಾಮಪ್ಪ ಇವರಿಗೆ ವಹಿಸಲಾಗಿತ್ತು. ಒಂಬತ್ತು ದಿನಗಳಲ್ಲಿ ಅವರಿಗಾದ ಅನುಭವವನ್ನು ಆಧರಿಸಿ ಕೆಳಕಂಡ ನಿಯಮಗಳನ್ನು ಈ ಮೂಲಕ ಹೊರಡಿಸಲಾಗಿದೆ.

1. ಆ್ಯಪ್‌ಗೆ ಬರೆಯುವ ಸೂಚನೆಯನ್ನು ಪ್ರಾಂಪ್ಟ್ ಎನ್ನಲಾಗುತ್ತದೆ. ಪ್ರಾಂಪ್ಟ್ ಎಂಬುದು ಅರ್ಜಿಯಲ್ಲ. ಸದರಿ ಅಧೀಕ್ಷಕರು ದಿನಾಂಕ 13ರಂದು ಸಲ್ಲಿಸಿದ ಮೊದಲ ಪ್ರಾಂಪ್ಟ್ ‘ಮಾನ್ಯರೇ’ ಎಂದು ಆರಂಭವಾಗಿ, ಎರಡು ಪುಟ ನಡೆದು, ‘ತಮ್ಮ ವಿಶ್ವಾಸಿ’ ಎಂದು ಮುಗಿದಿತ್ತು. ಜೊತೆಗೆ ಮೂರು ಅಡಕಗಳಿದ್ದವು. ಅದಕ್ಕೆ ಉತ್ತರವಾಗಿ ಆ್ಯಪ್, ಕಾಗದ ಹಿಡಿದು ಕಣ್ಣಲ್ಲಿ ನೀರು ತುಂಬಿಕೊಂಡು ಯಾವುದೋ ಬಾಗಿಲ ಮುಂದೆ ನಿಂತ ಹುಡುಗಿಯೊಬ್ಬಳನ್ನು ತೋರಿಸಿತು. ಇದು ನಮ್ಮ ವಿಭಾಗದ ನಿತ್ಯದ ದೃಶ್ಯವೇ ಆಗಿದ್ದರೂ ಬೀಳ್ಕೊಡುಗೆಗೆ ಸೂಕ್ತವಲ್ಲ. ಆದ್ದರಿಂದ ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯತಕ್ಕದ್ದು. ಆ್ಯಪ್‌ಗೆ ಜ್ಞಾಪನಾ ಪತ್ರ ಕಳಿಸುವಂತಿಲ್ಲ.

2. ಅನಿಮೆಯಲ್ಲಿ ಕಣ್ಣುಗಳು ದೊಡ್ಡದಾಗಿರುವುದು ವಾಡಿಕೆ. ಆದರೆ ದಿನಾಂಕ 15ರ ವಿಡಿಯೊದಲ್ಲಿ ಟೈಪಿಸ್ಟರ ಕಣ್ಣು ಉಪ ನಿರ್ದೇಶಕರ ಕಣ್ಣಿಗಿಂತ ದೊಡ್ಡದಾಗಿ ಕಂಡು, ಶಿಸ್ತಿಗೆ ಧಕ್ಕೆಯಾಗಿದೆ. ಇನ್ನು ಮುಂದೆ ಕಣ್ಣಿನ ಅಳತೆ ಹುದ್ದೆಗೆ ಅನುಗುಣವಾಗಿರತಕ್ಕದ್ದು: ಅಧಿಕಾರಿಗಳಿಗೆ ಮುಖದ ಅರ್ಧ, ಅಧೀಕ್ಷಕರಿಗೆ ಮೂರನೆಯ ಒಂದು ಭಾಗ, ಉಳಿದವರಿಗೆ ದೇವರು ಕೊಟ್ಟಷ್ಟು. ಬಡ್ತಿ ಬಂದ ದಿನದಿಂದ ಕಣ್ಣನ್ನು ಪರಿಷ್ಕರಿಸಲಾಗುವುದು.

3. ಫ್ಯಾನ್ ತಿರುಗುವ ಕೋಣೆಗಳಲ್ಲಿ ಮಾತ್ರ ಪಾತ್ರಗಳ ಕೂದಲು ಹಾರಾಡಬಹುದು.

4. ಕಾರಣವಿಲ್ಲದೆ ಕಡತಗಳ ಮೇಲೆ ಗುಲಾಬಿ ಬಣ್ಣದ ಹೂವಿನ ಎಸಳುಗಳು ಉದುರುತ್ತಿರುವುದು ಗಮನಕ್ಕೆ ಬಂದಿದೆ. ಉದುರಿದ ಎಸಳುಗಳನ್ನು ಪ್ರಾಂಪ್ಟ್ ಬರೆದವರೇ ಗುಡಿಸತಕ್ಕದ್ದು. ಮಾಣಿಕಪ್ಪನವರಿಗೆ ಹೇಳುವಂತಿಲ್ಲ, ಅವರಿಗೆ ಹೇಳಿದ್ದು ಸಾಕು.

5. ಬಾಯಲ್ಲಿ ಉಸ್ಮಾನಿಯಾ ಬಿಸ್ಕತ್ತು ಕಚ್ಚಿಕೊಂಡು ಬೇಗಂಪೇಟೆ ಸ್ಟೇಷನ್ನಿನಿಂದ ಓಡಿಬರುವ ಪಾತ್ರವನ್ನು, ಅದು ಎಷ್ಟೇ ಮುದ್ದಾಗಿ ಓಡಿದರೂ, ತಡವಾಗಿ ಬಂದಿದೆ ಎಂದೇ ಪರಿಗಣಿಸಲಾಗುವುದು.

6. ಪ್ರತಿ ವಿಡಿಯೊದಲ್ಲಿ ಬೆರಳುಗಳನ್ನು ಎಣಿಸಿ ದೃಢೀಕರಿಸತಕ್ಕದ್ದು. ಆ್ಯಪ್ ಉದಾರವಾಗಿ ನೀಡುವ ಆರನೆಯ ಬೆರಳಿನಿಂದ ಹಾಜರಾತಿ ಯಂತ್ರವನ್ನು ಒತ್ತಿದಲ್ಲಿ ಅದು ಹೆಚ್ಚುವರಿ ಸೇವೆ ಎನಿಸುವುದಿಲ್ಲ.

7. ಮೀಸೆಯು ನೆರಳಲ್ಲ. ಅದನ್ನು ನೆರಳೆಂದು ತಿಳಿದು ಆ್ಯಪ್ ಅಳಿಸಿಹಾಕಿದ್ದರಿಂದ ಉಪ ನಿರ್ದೇಶಕರು ಲಿಫ್ಟಿನಲ್ಲಿ ಮೂರನೆಯ ಮಹಡಿಯವರೆಗೂ, “ನನ್ನ ಮೀಸಿ ಎಲ್ಲಿ ಹೋತ್ರಿ? ಇಪ್ಪತ್ತು ವರ್ಷ ಸಾಕೀನಿ ಅದನ್ನ!” ಎಂದು ವಿಚಾರಿಸಿರುತ್ತಾರೆ. ಮರುಪ್ರಾಂಪ್ಟ್ ಮೂಲಕ ಮೀಸೆಯನ್ನು ಹಿಂದಿರುಗಿಸಲಾಯಿತು. ಈ ಬಾರಿ ಅದು ಕಿವಿಯವರೆಗೆ ಬೆಳೆದಿದೆ. ಇದನ್ನು ಉಪ ನಿರ್ದೇಶಕರು ಅನುಮೋದಿಸಿದ್ದಾರೆ.

8. ಈಗ ಮುಖ್ಯ ತೊಡಕಿನ ಬಗ್ಗೆ. ಆಲ್ಬಮ್ಮಿನಲ್ಲಿ ಹದಿನೇಳು ಗ್ರೂಪ್ ಫೋಟೊಗಳಿವೆ. ಯಾವುದರಲ್ಲಿಯೂ ಮಾಣಿಕಪ್ಪನವರ ಮುಖವಿಲ್ಲ. 2007ರ ಫೋಟೊದ ಬಲಅಂಚಿನಲ್ಲಿ ಚಹಾದ ತಟ್ಟೆ ಹಿಡಿದ ಒಂದು ಮೊಣಕೈ ಇದ್ದು, ಅದು ಅವರದೆಂದು ಮೂವರು ಗುರುತಿಸಿದ್ದಾರೆ. 2014ರ ಫೋಟೊದಲ್ಲಿ ಮೆಟ್ಟಿಲ ಮೇಲೆ ಅವರ ನೆರಳು ಬಿದ್ದಿದೆ. ಫೋಟೊ ತೆಗೆಯುತ್ತಿದ್ದವರು ಅವರೇ ಆದ್ದರಿಂದ ಹೀಗಾಗಿದೆ.

ಲಭ್ಯವಿರುವ ಮೊಣಕೈಯನ್ನು ಆ್ಯಪ್‌ಗೆ ಸಲ್ಲಿಸಲಾಯಿತು. ಮೊದಲ ಸಲ ನೀಲಿ ಕೂದಲಿನ ಹದಿನೇಳರ ತರುಣ ಬಂದನು. ಚಹಾದ ತಟ್ಟೆ ಗುರಾಣಿಯಾಗಿತ್ತು. ಎರಡನೆಯ ಸಲ ‘ಬೋಳು ತಲೆ’ ಎಂದು ಸೇರಿಸಿದ್ದಕ್ಕೆ ಒಬ್ಬ ಸನ್ಯಾಸಿ ಬಂದನು. ಒಂಬತ್ತು ಸಲ ಪ್ರಯತ್ನಿಸಲಾಗಿ, ಒಂಬತ್ತು ಮಂದಿ ಅಪರಿಚಿತರು ನಮ್ಮ ವಿಭಾಗದ ಸೇವೆಗೆ ಸೇರಿದ್ದಾರೆ.

9. ಈ ಪೈಕಿ ನೀಲಿ ಕೂದಲಿನವನನ್ನು ಮಾಣಿಕಪ್ಪನವರು ತಮ್ಮ ಮೊಬೈಲಿನಲ್ಲಿ ಮನೆಗೆ ಒಯ್ದು ತೋರಿಸಿರುತ್ತಾರೆ. ಶ್ರೀಮತಿ ಗಂಗಾ ಇವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, “ಹುಡುಗ ಭಾಳ ಚಂದ ಅದಾನ್ರಿ. ಆದ್ರ ಇದರಾಗ ನೀವು ಎಲ್ಲಿ ಅದೀರಿ?” ಎಂದು ಕೇಳಿದ್ದಾರೆ (ಉಲ್ಲೇಖ 3). ಈ ಬಗ್ಗೆ ಹೇಳಿಕೆ ಪಡೆಯಲಾಗಿ ಮಾಣಿಕಪ್ಪನವರು, ಎಲ್ಲರಿಗೂ ಚಹಾ ಕೊಟ್ಟು ಮುಗಿಸಿದ ಮೇಲೆ, “ಇರಲಿ ಬಿಡ್ರಿ ಸಾಹೇಬ್ರ, ಮೊಣಕೈ ಅಂತೂ ನಂದೇ ಐತಿ” ಎಂದಿರುತ್ತಾರೆ.



10. ದಿನಾಂಕ 21ರಂದು ಹತ್ತನೆಯ ಪ್ರಾಂಪ್ಟ್ ಬರೆಯುವ ಸಲುವಾಗಿ ಅಧೀಕ್ಷಕರು ಮಾಣಿಕಪ್ಪನವರನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿಕೊಂಡರು. ಕೂರಲು ಅವರು ಮೂರು ಸಲ ಒಲ್ಲೆನೆಂದರು. ಅವರ ಮೂಗು, ಕಿವಿ, ಎಡಹುಬ್ಬಿನ ಮೇಲಿನ ಗಾಯದ ಕಲೆ ಇತ್ಯಾದಿಗಳನ್ನು ಅಧೀಕ್ಷಕರು ನೋಡಿ ನೋಡಿ ಮುಕ್ಕಾಲು ಗಂಟೆ ಬರೆಯುತ್ತಿರುವಾಗ, ದ್ವಿತೀಯ ದರ್ಜೆ ಸಹಾಯಕಿ ಕುಮಾರಿ ಉಮಾಶ್ರೀ ಇವರು ಪಕ್ಕದ ಮೇಜಿನಿಂದ, “ಸರ್, ಅವರು ನಿಮ್ಮೆದುರಿಗೇ ಕುಂತಾರಲ್ರೀ. ಒಂದು ಫೋಟೊ ತೆಗೀಬಾರದೇನ್ರಿ?” ಎಂದು ಕೇಳಿದರು.

ಸದರಿ ಪ್ರಶ್ನೆಯ ಮೇರೆಗೆ ಕಡತ ಪರಿಶೀಲಿಸಲಾಗಿ, ಹದಿನೇಳರ ಪೈಕಿ ಹನ್ನೊಂದು ಫೋಟೊಗಳ ವೇಳೆ “ಮಾಣಿಕಪ್ಪಾ, ನೀ ಒಂದು ತೆಗಿ” ಎಂದು ಕ್ಯಾಮೆರಾ ಕೊಟ್ಟು ತಾವು ಹೋಗಿ ಮುಂದಿನ ಸಾಲಿನಲ್ಲಿ ನಿಂತವರು ಅಧೀಕ್ಷಕ ಸಿದ್ದರಾಮಪ್ಪ ಇವರೇ ಎಂದು ತಿಳಿದುಬಂದಿದೆ. ಇದರಿಂದ ಸದರಿಯವರಿಗೆ ನಾಚಿಕೆಯಾಗಿದೆ. ನಾಚಿಕೆಯನ್ನು ಸೇವಾ ಪುಸ್ತಕದಲ್ಲಿ ನಮೂದಿಸಲು ಅಂಕಣವಿಲ್ಲದ ಕಾರಣ ಇಲ್ಲಿಯೇ ನಮೂದಿಸಲಾಗಿದೆ.

11. ಆದ್ದರಿಂದ ಇದೇ 24ರಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಸಮಸ್ತ ಸಿಬ್ಬಂದಿ ಮುಂಭಾಗದ ಮೆಟ್ಟಿಲುಗಳ ಬಳಿ ಸೇರತಕ್ಕದ್ದು. ನಡುವಿನ ಕುರ್ಚಿಯಲ್ಲಿ ಶ್ರೀ ಮಾಣಿಕಪ್ಪ ಇವರು ಕೂರತಕ್ಕದ್ದು. ನಡುವೆ ಎದ್ದು ಯಾರಿಗಾದರೂ ನೀರು ತರಲು ಹೊರಟಲ್ಲಿ ಶಿಸ್ತುಕ್ರಮ ಕೈಗೊಳ್ಳಲಾಗುವುದು. ಫೋಟೊವನ್ನು ಅಧೀಕ್ಷಕ ಸಿದ್ದರಾಮಪ್ಪ ಇವರು ತೆಗೆಯತಕ್ಕದ್ದು. ತನ್ನಿಮಿತ್ತ ಅವರು ಅದರಲ್ಲಿ ಇರುವುದಿಲ್ಲ. ಚಹಾದ ತಟ್ಟೆಯನ್ನು ಉಪ ನಿರ್ದೇಶಕರು ಹಿಡಿಯಲು ಒಪ್ಪಿದ್ದಾರೆ. ಫೋಟೊದಲ್ಲಿ ಅವರ ಮೊಣಕೈ ಮಾತ್ರ ಬಿದ್ದರೆ ಆಕ್ಷೇಪಣೆ ಇರುವುದಿಲ್ಲ.

12. ಈ ಫೋಟೊವನ್ನು ಯಾವುದೇ ಆ್ಯಪ್‌ಗೆ ಹಾಕತಕ್ಕದ್ದಲ್ಲ. ಬೋಳು ತಲೆ ಬೋಳಾಗಿಯೇ ಇರಲಿ. ವಿಡಿಯೊದ ಕೊನೆಯಲ್ಲಿ ಇದನ್ನು ಪೂರ್ತಿ ಒಂದು ನಿಮಿಷ ತೋರಿಸತಕ್ಕದ್ದು. ಅಷ್ಟು ಹೊತ್ತು ಏಕೆಂದು ಯಾರೂ ಕೇಳತಕ್ಕದ್ದಲ್ಲ.

ಸಹಿ/-
(ಸಿದ್ದರಾಮಪ್ಪ)
ಅಧೀಕ್ಷಕರು ಹಾಗೂ ಪ್ರಭಾರ ಛಾಯಾಗ್ರಾಹಕರು

ಪ್ರತಿಗಳು:
1. ಉಪ ನಿರ್ದೇಶಕರಿಗೆ, ಮೀಸೆಯ ಎರಡು ಮುದ್ರಿತ ಪ್ರತಿಗಳೊಂದಿಗೆ.
2. ಕುಮಾರಿ ಉಮಾಶ್ರೀ ಇವರಿಗೆ. ಇಂಥ ಪ್ರಶ್ನೆಗಳನ್ನು ಇನ್ನು ಮುಂದೆ ಮೊದಲನೆಯ ದಿನವೇ ಕೇಳುವಂತೆ ಕೋರಿ.
3. ತೆಲುಗು ವಿಭಾಗಕ್ಕೆ. ಅವರ ಅಟೆಂಡರ್ ಯಾವ ಫೋಟೊದಲ್ಲಿದ್ದಾರೆ ಎಂದು ನೋಡಿಕೊಳ್ಳಲು.
4. ಲಿಫ್ಟಿನ ಒಳಗಡೆ ಅಂಟಿಸಲು.
5. ಶ್ರೀ ಮಾಣಿಕಪ್ಪ ಇವರಿಗೆ. ಎಂದಿನಂತೆ ಹಂಚುವುದಕ್ಕಲ್ಲ, ಓದುವುದಕ್ಕೆ.
6. ಶ್ರೀಮತಿ ಗಂಗಾ, ಮಲ್ಕಾಜ್‌ಗಿರಿ, ಇವರಿಗೆ. ತಮ್ಮ ಪ್ರಶ್ನೆಗೆ ಉತ್ತರ: ನಡುವಿನ ಕುರ್ಚಿಯಲ್ಲಿ.