ರಿಟರ್ನ್ ಗಿಫ್ಟಿಗೆ ಲೈನಿಂಗ್

ಸ್ವಾಮಿ, ನೀವೇ ನ್ಯಾಯ ಹೇಳಿ. ಹುಟ್ಟುಹಬ್ಬ ಯಾರದು? ನಮ್ಮ ಮಗುವಿನದು. ಕೇಕು ಯಾರದು? ನಮ್ಮದು. ಬಲೂನು ಊದಿ ಊದಿ ದವಡೆ ಬಿದ್ದುಹೋಗಿರೋದು ಯಾರದು? ನಂದು! ಇಷ್ಟೆಲ್ಲ ಆದ ಮೇಲೆ, ಬಂದು, ತಿಂದು, ಕುಣಿದು, ಗೋಡೆಗೆಲ್ಲ ಕ್ರೀಮ್ ಬಳಿದು ಹೊರಟ ಮಕ್ಕಳಿಗೆ ಬಾಗಿಲಲ್ಲಿ ನಿಂತು 'ರಿಟರ್ನ್ ಗಿಫ್ಟ್' ಅಂತ ಬೇರೆ ಯಾಕೆ ಕೊಡಬೇಕು? ಕ್ರೀಮ್ ಬಳಿದದ್ದಕ್ಕೆ ಕೂಲೀನಾ?

ನಾನು ಅಜ್ಮತ್ ಉಲ್ಲಾ. ಚಾಮರಾಜನಗರದಲ್ಲಿ ಲೇಡೀಸ್ ಟೈಲರ್. ಮನೆಯ ಮುಂದಿನ ರೂಮೇ ಅಂಗಡಿ. ಒಂದು ಸಲ ನೋಡಿದರೆ ಸಾಕು, ಯಾವ ಬ್ಲೌಸಿನ ಅಳತೆಯಾದರೂ ಹೇಳಿಬಿಡ್ತೀನಿ. ನನ್ನ ಹೆಂಡತಿ ಅಮೀರುನ್ನೀಸಾಳ ಕೋಪದ ಅಳತೆ ಮಾತ್ರ ಇವತ್ತಿನವರೆಗೂ ಸಿಕ್ಕಿಲ್ಲ. ಮಗಳು ತಮನ್ನಾ ಎರಡನೇ ಕ್ಲಾಸು, ಮಗ ಮುನ್ನಾ ಇನ್ನೂ ಅಂಗನವಾಡಿ.

ತಮನ್ನಾಳ ಹುಟ್ಟುಹಬ್ಬ ಹತ್ತಿರ ಬಂದಾಗ ನನಗೆ ಒಂದು ಮಹಾನ್ ಆಲೋಚನೆ ಹೊಳೀತು. ಕ್ಲಾಸಿನ ತಂದೆತಾಯಿಯರ ವಾಟ್ಸಾಪ್ ಗ್ರೂಪಿನಲ್ಲಿ ಬರೆದೇಬಿಟ್ಟೆ: "ಸನ್ಮಾನ್ಯ ಪೋಷಕರೇ, ರಿಟರ್ನ್ ಗಿಫ್ಟ್ ಎಂಬುದು ಒಂದು ಸಾಮಾಜಿಕ ಪಿಡುಗು. ಇದರ ನಿರ್ಮೂಲನೆ ನಮ್ಮ ಮನೆಯಿಂದಲೇ ಆರಂಭವಾಗಲಿ." ಬರೆದು ಎದೆ ಉಬ್ಬಿಸಿಕೊಂಡು ಕೂತೆ. ಗ್ರೂಪಿನಲ್ಲಿ ಒಬ್ಬರೂ ಪಿಟ್ಟೆನ್ನಲಿಲ್ಲ. ಮನೆಯೊಳಗೆ ಮಾತ್ರ ಪಾತ್ರೆಗಳು ಮಾತಾಡೋಕೆ ಶುರು ಮಾಡಿದವು.

"ಏನ್ರೀ ಇದು? ಊರವರ ಮನೇಲೆಲ್ಲ ನಮ್ಮ ಮಗು ಪೆನ್ಸಿಲ್ ಬಾಕ್ಸು, ನೀರಿನ ಬಾಟ್ಲು ತಗೊಂಡು ಬಂದಿದೆ. ನಮ್ಮ ಸರದಿ ಬಂದಾಗ ಪಿಡುಗಾ? ನಾನು ನಾಳೆ ಯಾವ ಮುಖ ಹೊತ್ತು ಸ್ಕೂಲ್ ಗೇಟಿಗೆ ಹೋಗಲಿ?"

(ಮನೆಯಲ್ಲಿ ನಾವು ಆಡೋದು ಉರ್ದು. ಜಗಳ ಜೋರಾದರೆ ಅಮೀರುನ್ನೀಸಾ ಕನ್ನಡಕ್ಕೆ ಇಳೀತಾಳೆ. ಬೀದಿಯವರಿಗೂ ಅರ್ಥ ಆಗಲಿ ಅಂತ.)

"ಇದು ತತ್ವದ ಪ್ರಶ್ನೆ ಕಣೇ," ಅಂದೆ.

"ನಿಮ್ಮ ತತ್ವಕ್ಕಿಷ್ಟು ಬೆಂಕಿ ಹಾಕ!"

ಅವಳನ್ನಾದರೂ ತಡ್ಕೋಬಹುದು. ತಮನ್ನಾ ಮಿಷನ್ ಪಕ್ಕ ಬಂದು ನಿಂತು, "ಅಬ್ಬಾ, ಎಲ್ಲರೂ ಕೊಡ್ತಾರೆ. ನಾವು ಕೊಡದಿದ್ರೆ ಯಾರೂ ನನ್ನ ಪಕ್ಕ ಕೂರಲ್ಲ," ಅಂತ ಮೆಲ್ಲಗೆ ಅಂದಾಗ ಮಿಷನ್ ತುಳೀತಿದ್ದ ಕಾಲು ನಿಲ್ಲಿಸಿಬಿಟ್ಟೆ. ಆದರೂ ಆಂದೋಲನದ ಸಂಸ್ಥಾಪಕ ಅಧ್ಯಕ್ಷ ನಾನು! ಮಗಳ ತಲೆ ಸವರಿ ಮತ್ತೆ ಮಿಷನ್ ತುಳಿಯೋದಕ್ಕೆ ಶುರು ಮಾಡಿದೆ.

ಆಗ ನಾನು ಹೊಲೀತಾ ಇದ್ದದ್ದು ಹರದನಹಳ್ಳಿಯ ಮಹಾಲಕ್ಷ್ಮಮ್ಮನವರ ಮಗಳ ಮದುವೆ ಆರ್ಡರ್. ಮದುಮಗಳು, ಅವಳ ತಾಯಿ, ಅಕ್ಕತಂಗಿಯರು, ಚಿಕ್ಕಮ್ಮಂದಿರು, ಎಲ್ಲರ ಬ್ಲೌಸೂ ನನ್ನ ಹತ್ತಿರವೇ. ಮದುಮಗಳದ್ದಂತೂ ಮರೂನ್ ಬಣ್ಣ, ತೋಳಿನ ಮೇಲೆ ಜರಿ ನವಿಲು. ಆ ನವಿಲಿಗೆ ಒಂದೊಂದೇ ಗರಿ ಕೂರಿಸೋವಾಗ ನನ್ನ ಕಣ್ಣಲ್ಲಿ ನೀರು ಇಳಿದಿದೆ. ದೊಡ್ಡ ಆರ್ಡರ್ ಅಲ್ಲವೇ, ಅಂಗಡಿಯ ಹೆಸರು ಉಳೀಲಿ ಅಂತ ಉಳಿದ ಲೈನಿಂಗ್ ಬಟ್ಟೆಯಲ್ಲಿ ಗುಲಾಬಿ ಬಣ್ಣದ ಪುಟ್ಟ ಪುಟ್ಟ ಚೀಲ ಹೊಲಿದು, ಒಂದೊಂದರಲ್ಲಿ ಒಂದೊಂದು ಬ್ಲೌಸ್ ಮಡಚಿಟ್ಟು, ರಿಬ್ಬನ್ ಕಟ್ಟಿ ಗೋಡೆಯ ಮೊಳೆಗಳಿಗೆ ಸಾಲಾಗಿ ತೂಗುಹಾಕಿದೆ. ತಮನ್ನಾ ಕಣ್ಣರಳಿಸಿ ಕೇಳಿದಳು: "ಯಾರಿಗೆ ಅಬ್ಬಾ?"

ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದೆ. "ಭಾನುವಾರಕ್ಕೆ. ಅಲ್ಲೀವರೆಗೂ ಮುಟ್ಬೇಡ," ಅಂದೆ.

ಭಾನುವಾರ ಸಂಜೆ ಬಸ್ಸಿಗೆ ಮಹಾಲಕ್ಷ್ಮಮ್ಮ ಬಂದು ಒಯ್ಯೋದು ಅಂತ ಮಾತಾಗಿತ್ತು. ಸೋಮವಾರ ಅವರ ಮನೆಯಲ್ಲಿ ಚಪ್ಪರ. ಹುಟ್ಟುಹಬ್ಬವೂ ಅದೇ ಭಾನುವಾರ ಮಧ್ಯಾಹ್ನ.

ಹುಟ್ಟುಹಬ್ಬ ಎಂಥ ಗಮ್ಮತ್ತಾಗಿ ನಡೀತು ಅಂತೀರಿ! ಮಕ್ಕಳ ಕಿರುಚಾಟಕ್ಕೆ ಫ್ಯಾನೇ ಅಲ್ಲಾಡ್ತಿತ್ತು. ಕೇಕ್ ಕಟ್ ಆಯ್ತು. ನಾನು ನಮ್ಮ ನಾಗೇಂದ್ರನನ್ನ (ಅವನ ಮಗಳೂ ತಮನ್ನಾ ಕ್ಲಾಸೇ) ಹಿತ್ತಲಿಗೆ ಕರ್ಕೊಂಡು ಹೋಗಿ, ಕೈಗೆ ಪಲಾವ್ ತಟ್ಟೆ ಕೊಟ್ಟು, ರಿಟರ್ನ್ ಗಿಫ್ಟ್ ನಿರ್ಮೂಲನೆ ಕುರಿತು ಭಾಷಣ ಬಿಗಿದೆ. ಪಲಾವ್ ಮುಗಿಯೋವರೆಗೂ ಅವನು ಗೋಣು ಆಡಿಸಿದ. ಕೈ ತೊಳೆದು ಇಬ್ಬರೂ ಮುಂದಿನ ರೂಮಿಗೆ ಬಂದರೆ ಮಕ್ಕಳೆಲ್ಲ ಹೊರಟುಹೋಗಿದ್ದರು. ನಾಗೇಂದ್ರನ ಮಗಳು ಮಾತ್ರ ಅಪ್ಪನಿಗೆ ಕಾಯ್ತಾ ನಿಂತಿದ್ದಳು. ಅವಳ ಕೈಯಲ್ಲಿ ಗುಲಾಬಿ ಚೀಲ!

ನಾಗೇಂದ್ರ ಅದನ್ನ ಈಸ್ಕೊಂಡು ಒಳಗೆ ಇಣುಕಿ ನೋಡಿ ಹೌಹಾರಿದ. "ಅಯ್ಯೋ ಅಜ್ಮತ್ತಣ್ಣ! ಬ್ಯಾಡ ಬ್ಯಾಡ ಅಂದ್ಕಂಡು ಎಂಥ ಕೆಲ್ಸ ಮಾಡ್ಬುಟ್ಟೆ ಕಣಣ್ಣ! ಮಕ್ಕಳ ತಾಯಂದ್ರಿಗೆ ರೇಷ್ಮೆ ಬ್ಲೌಸಾ?"

ಗೋಡೆ ನೋಡಿದೆ. ಮೊಳೆಗಳು ಮಾತ್ರ ಇದ್ದವು.

ಬಾಯಿ ತೆರೆಯೋದರೊಳಗೆ ತಮನ್ನಾ ಓಡಿಬಂದು ನನ್ನ ಸೊಂಟ ತಬ್ಬಿಕೊಂಡಳು. "ಅಬ್ಬಾ! ನನಗೆ ಮೊದಲೇ ಗೊತ್ತಿತ್ತು! ಸುಮ್ನೆ ಇಲ್ಲ ಇಲ್ಲ ಅಂತ ಹೇಳಿ, ಗುಟ್ಟಾಗಿ ಹೊಲಿದು ಇಟ್ಟಿದ್ದಿರಲ್ಲ! ನಾನೇ ಎಲ್ಲರಿಗೂ ಒಂದೊಂದು ಹಂಚಿದೆ, ಎಲ್ಲರೂ ಇದೇ ಬೆಸ್ಟು ಅಂದ್ರು. ನಾಳೆ ನನ್ನ ಪಕ್ಕ ಕೂರೋಕೆ ಜಗಳ ಆಡ್ತಾ ಇದಾರೆ!"

ಆ ಮುಖ ನೋಡಿಕೊಂಡು 'ಅದು ನಿನಗಲ್ಲಮ್ಮ' ಅಂತ ಹೇಳೋ ಗಂಡಸು ಇದ್ದರೆ ಬರಲಿ, ಅವನ ಕಾಲು ಹಿಡೀತೀನಿ. ನನ್ನ ಕೈಲಿ ಆಗಲಿಲ್ಲ. ಒಳಗೆ ಹೋಗಿ ಪಿಸುದನಿಯಲ್ಲೇ ಹೆಂಡತಿಯ ಮೇಲೆ ಹಾರಿಬಿದ್ದೆ.

"ನೀನು ಕಣ್ಣು ಬಿಟ್ಕೊಂಡು ನೋಡ್ತಿದ್ದೆಯಾ? ಅದು ಹರದನಹಳ್ಳಿ ಮದುವೆ ಬ್ಲೌಸು ಕಣೇ!"

ಅಮೀರುನ್ನೀಸಾಳ ಕೈಯಿಂದ ಸೌಟು ಬಿತ್ತು. "ನಾನೂ ನಿಮ್ಮದೇ ಸರ್‌ಪ್ರೈಸ್ ಅಂದ್ಕೊಂಡೆನಲ್ರೀ! ಮದುವೆಯಾದಾಗಿಂದ ಇವತ್ತೇ ಮೊದಲ ಸಲ ನಿಮ್ಮ ಬಗ್ಗೆ ಹೆಮ್ಮೆ ಬಂದಿತ್ತು. ಅದೂ ಹೋಯ್ತು!"

ಇನ್ನೊಬ್ಬರ ಮದುವೆ ಬ್ಲೌಸನ್ನ ಊರಿಗೆಲ್ಲ ಹಂಚಿದ ಟೈಲರ್ ಅಂತ ಗೊತ್ತಾದರೆ ಯಾವ ಮದುಮಗಳ ಮನೆಯವರು ನನ್ನ ಅಂಗಡಿ ಮೆಟ್ಟಿಲು ಹತ್ತುತ್ತಾರೆ? ಊರಿಗೆ ಗೊತ್ತಾಗಬಾರದು, ತಮನ್ನಾಗೂ ಗೊತ್ತಾಗಬಾರದು, ಮಹಾಲಕ್ಷ್ಮಮ್ಮನ ಬಸ್ಸು ಬರೋದರೊಳಗೆ ಬ್ಲೌಸು ಗೋಡೆ ಮೇಲಿರಬೇಕು. ನಾಗೇಂದ್ರನ ಕೈಯಿಂದ ಚೀಲ ಕಿತ್ತುಕೊಂಡು, "ಅಳತೆ ತಪ್ಪಿದೆ ಕಣಯ್ಯ, ಸರಿ ಮಾಡಿ ಕೊಡ್ತೀನಿ," ಅಂತ ಮೊಪೆಡ್ ಹತ್ತಿದೆ.

ಮೊದಲನೇ ಮನೆಯಲ್ಲೇ ಸಿಕ್ಕಿಬಿದ್ದೆ. ಆ ಮನೆಯ ತಾಯಿ ಚೀಲವನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. "ಕೊಟ್ಟದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ ಅಣ್ಣ? ಗುಲಾಬಿ ಚೀಲ ನೋಡಿ ನಮ್ಮತ್ತೆ ಮೊದಲನೇ ಸಲ ನನ್ನ ಹತ್ರ ನಗುನಗ್ತಾ ಮಾತಾಡಿದ್ರು!"

"ವಾಪಸ್ ಅಲ್ಲಮ್ಮ, ಅಳತೆ! ನಿಮ್ಮ ಅಳತೆಯ ಹಳೇ ಬ್ಲೌಸು ಒಂದು ಕೊಡಿ, ಬಟ್ಟೆ ಕೊಡಿ. ನಿಮಗೇ ಅಂತ ಹೊಸದಾಗಿ ಹೊಲಿದು ತಂದುಕೊಡ್ತೀನಿ."

"ಫ್ರೀನಾ?"

"...ಫ್ರೀ."

"ಲೈನಿಂಗ್?"

ಗಡಿಯಾರ ನೋಡಿದೆ. "ಲೈನಿಂಗೂ ಹಾಕ್ತೀನಿ ತಾಯಿ, ಚೀಲ ಕೊಡಿ!"

ಆ ಮನೆಯಿಂದ ಮುಂದಿನ ಮನೆಗೆ ನಾನು ಹೋಗೋ ಮುಂಚೆಯೇ ಫೋನು ಹೋಗಿತ್ತು. ಬಾಗಿಲಲ್ಲೇ ಅಳತೆ ಬ್ಲೌಸು, ರೇಷ್ಮೆ ಪೀಸು ಹಿಡಿದು ನಿಂತಿದ್ದರು. ಒಬ್ಬರು ಬೆನ್ನಿಗೆ ದಾರ ಬೇಕು ಅಂದರು, ಒಬ್ಬರು ತೋಳಿಗೆ ಪಫ್ ಬೇಕು ಅಂದರು. ಎಲ್ಲದಕ್ಕೂ ಹೂಂ, ಹೂಂ, ಹೂಂ! ಮೊಪೆಡ್ಡಿನ ಮುಂದೆ ಚೀಲದ ರಾಶಿ, ಹಿಂದೆ ಬ್ಲೌಸ್ ಪೀಸಿನ ಗಂಟು. ಕೊನೆಗೆ ರಸ್ತೆ ಬದಿ ನಿಲ್ಲಿಸಿ ಬಿಚ್ಚಿ ನೋಡಿದರೆ ಎಲ್ಲವೂ ಇತ್ತು, ನವಿಲು ಒಂದು ಬಿಟ್ಟು!

ಇನ್ನು ಉಳಿದಿದ್ದದ್ದು ಗಣೇಶ ಅನ್ನೋ ಹುಡುಗನ ಮನೆ ಒಂದೇ, ಅಂದರೆ ಅದು ಹೋಗಿದ್ದು ಅಲ್ಲಿಗೇ. ಅವರ ಮನೆಗೆ ಬೀಗ. ಪಕ್ಕದ ಮನೆಯವರು, "ಲಕ್ಷ್ಮಿದೇವಿ ಮಗನ್ನ ಕರ್ಕೊಂಡು ಗುಂಡ್ಲುಪೇಟೆಗೆ ಹೋದ್ರಲ್ಲ, ತವರುಮನೇಲಿ ಸೀಮಂತ," ಅಂದರು.

ಗುಂಡ್ಲುಪೇಟೆ! ಮೊಪೆಡ್ಡನ್ನ ಬೈದೂ ಬೈದೂ ಓಡಿಸಿದೆ. ತೆರಕಣಾಂಬಿ ದಾಟಿದ್ದು ಗೊತ್ತಾಗಲಿಲ್ಲ, ಚೆಂಡುಹೂವಿನ ಹೊಲಗಳು ಕಣ್ಣಿಗೆ ಬೀಳಲಿಲ್ಲ. ವಿಳಾಸ ಕೇಳಿಕೊಂಡು ಸೀಮಂತದ ಮನೆಗೆ ನುಗ್ಗಿದರೆ, ಹೆಂಗಸರ ಗುಂಪಿನ ನಡುವೆ ಲಕ್ಷ್ಮಿದೇವಿ ತಲೆ ತುಂಬ ಮಲ್ಲಿಗೆ ಮುಡಿದು, ತೋಳು ತಿರುಗಿಸಿ ತಿರುಗಿಸಿ ತೋರಿಸ್ತಾ ನಿಂತಿದ್ದಾರೆ. ತೋಳಿನ ಮೇಲೆ ನನ್ನ ನವಿಲು!

"ಬನ್ನಿ ಬನ್ನಿ ಅಜ್ಮತ್ತಣ್ಣ! ಇವರೇ ನೋಡ್ರೇ, ನಮ್ಮ ಗಣೇಶನಿಗೆ ರಿಟರ್ನ್ ಗಿಫ್ಟ್ ಕೊಟ್ಟೋರು! ನನಗೇ ಅಂತ ಹೊಲಿದ ಹಾಗಿದೆ!"

ಹೌದು, ಕರೆಕ್ಟಾಗಿ ಕೂತಿತ್ತು. ಅಳತೆ ತಪ್ಪಿದೆ ಅನ್ನೋ ಹಾಗೂ ಇಲ್ಲ. ತುಂಬಿದ ಮನೆಯಲ್ಲಿ ಪರಸ್ತ್ರೀಯೊಬ್ಬರಿಗೆ 'ತೊಟ್ಟಿರೋ ಬ್ಲೌಸು ಬಿಚ್ಚಿಕೊಡಿ' ಅಂದರೆ ನನ್ನ ಗತಿ ಏನು? ಅವರ ಅಣ್ಣತಮ್ಮಂದಿರು ಬೇರೆ ಒಬ್ಬೊಬ್ಬರು ಬಾಗಿಲಷ್ಟು ಅಗಲ ಇದ್ದರು. ದೇವರು ಆ ಕ್ಷಣದಲ್ಲಿ ನನ್ನ ಕಸುಬನ್ನೇ ಕಾವಲಿಗೆ ಕಳಿಸಿದ.

"ಅಕ್ಕಾ, ಅವಸರದಲ್ಲಿ ಅದಕ್ಕೆ ಕಚ್ಚಾ ಹೊಲಿಗೆ ಮಾತ್ರ ಹಾಕಿದ್ದೀನಿ. ಜೋರಾಗಿ ಕೈ ಎತ್ತಿದರೆ ಅಷ್ಟೂ ಬಿಟ್ಟುಕೊಳ್ಳುತ್ತೆ. ಆರತಿಗೆ ಕೈ ಎತ್ತಬೇಕಲ್ಲ, ಅದಕ್ಕೇ ಓಡಿಬಂದೆ."

ಲಕ್ಷ್ಮಿದೇವಿ ಎರಡೂ ಕೈ ಪಕ್ಕೆಗೆ ಅಂಟಿಸಿಕೊಂಡು ಒಳಗೆ ಓಡಿದ ವೇಗ ನೀವು ನೋಡಬೇಕಿತ್ತು. ವಾಪಸ್ ಬಂದು ಬ್ಲೌಸು ಕೈಗಿಟ್ಟು, "ಮನೆ ಮಾನ ಉಳಿಸಿದ್ರಿ ಅಣ್ಣ. ಗಟ್ಟಿ ಹೊಲಿಗೆ ಹಾಕಿ ಕೊಡಿ. ನವಿಲು ಹಿಂಗೇ ಇರಬೇಕು," ಅಂದರು. ಅಂದರೆ ಇನ್ನೊಂದು ನವಿಲು! ಒಂದೊಂದೇ ಗರಿ, ಮೊದಲಿಂದ!

ಮನೆ ಮುಟ್ಟಿದಾಗ ಮಹಾಲಕ್ಷ್ಮಮ್ಮ ಆಗಲೇ ಸ್ಟೂಲಿನ ಮೇಲೆ ಕೂತಿದ್ದರು. "ಏನ್ ಸಾಬ್ರೆ, ಬಸ್ಸು ಒಂಟೋಯ್ತದೆ, ಬಿರ್ರನೆ ಕೊಡಿ." ತಮನ್ನಾ ಕುಣಿದು ಸುಸ್ತಾಗಿ ಒಳಗೆ ಮಲಗಿದ್ದಳು, ಸದ್ದಿಲ್ಲದೆ ಎಲ್ಲ ಚೀಲ ಕೊಟ್ಟೆ. ಅವರು ನವಿಲಿನ ಬ್ಲೌಸ್ ಬಿಡಿಸಿ ಮೂಗಿನ ಹತ್ತಿರ ಹಿಡಿದರು.

"ಇದೇನು, ಮಲ್ಗೆ ವಾಸ್ನೆ ಒಡೀತದೆ?"

"ಮದುಮಗಳದ್ದಲ್ವಾ ಅಮ್ಮ, ಮಲ್ಲಿಗೆ ಹೂವು ಇಟ್ಟಿದ್ದೆ," ಅಂದಳು ಅಮೀರುನ್ನೀಸಾ, ಕಣ್ಣು ಕೂಡ ಮಿಟುಕಿಸದೆ. ಮಹಾಲಕ್ಷ್ಮಮ್ಮನ ಕಣ್ಣು ತುಂಬಿಬಂತು. "ಎಷ್ಟು ಒಳ್ಳೆ ಜನ ಕಣಮ್ಮಿ ನೀವು!" ಅಂತ ಅವಳ ಗಲ್ಲ ಸವರಿ, ದೃಷ್ಟಿ ತೆಗೆದು ಹೋದರು.

ಗೆದ್ದೆ! ಮಗಳು ಖುಷಿ, ಮದುವೆ ಮನೆ ಖುಷಿ. ನಾನು ಬ್ಲೌಸ್ ಪೀಸಿನ ಗಂಟಿನ ಮೇಲೇ ಕಾಲು ಚಾಚಿ ಕೂತು ಉಸಿರು ಬಿಟ್ಟೆ. ಅಷ್ಟರಲ್ಲಿ ಗ್ರೂಪಿನಲ್ಲಿ ಲಕ್ಷ್ಮಿದೇವಿಯವರ ಮೆಸೇಜು ಬಂತು: "ಅಜ್ಮತ್ತಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನು ಮುಂದೆ ಯಾರ ಮನೆಯಲ್ಲೂ ರಿಟರ್ನ್ ಗಿಫ್ಟ್ ಕೊಡೋದು ಬೇಡ." ಒಬ್ಬರಾದ ಮೇಲೆ ಒಬ್ಬರು ಹೆಬ್ಬೆರಳು ಎತ್ತಿದ್ದೇ ಎತ್ತಿದ್ದು. ನಾಗೇಂದ್ರ ಎರಡೆರಡು ಹೆಬ್ಬೆರಳು ಎತ್ತಿದ್ದ. ನನ್ನ ಆಂದೋಲನ! ನಾನು ಎದ್ದು ನಿಂತು ಕುಣಿಯೋದೊಂದು ಬಾಕಿ.

ಆಮೇಲೆ ಅವರದೇ ಇನ್ನೊಂದು ಸಾಲು ಬಂತು: "ಟೈಲರಣ್ಣನ ಮನೆ ಒಂದನ್ನ ಬಿಟ್ಟು. ಅಂದ ಹಾಗೆ, ಮುನ್ನಾ ಹುಟ್ಟಿದ ದಿನ ಯಾವಾಗ?"

ಯಾರೂ ಉತ್ತರ ಕೊಡಬೇಡಿ ದೇವರೇ ಅಂದುಕೊಳ್ಳೋದರೊಳಗೆ ಉತ್ತರ ಬಂದಾಗಿತ್ತು. ಅಡುಗೆಮನೆಯಿಂದ, ಅಮೀರುನ್ನೀಸಾಳ ಫೋನಿನಿಂದ: "ಮುಂದಿನ ತಿಂಗಳು. ಎಲ್ಲರೂ ಬನ್ನಿ, ಅಳತೆ ಬ್ಲೌಸು ಮರೀದೆ ತನ್ನಿ."