ಕಾಕಾನ ಸೈಕಲ್ಲು ಗುಡ್ಡ ಇಳಿದದ್ದು

ನಮ್ಮ ಕಾಕಾನ ಹತ್ತಿರ ನಲವತ್ತು ವರ್ಷದಿಂದ ಒಂದು ಸೈಕಲ್ಲಿದೆ. ಆದರೆ ಅವನಿಗೆ ಸೈಕಲ್ ಹೊಡೆಯಲು ಬರುತ್ತದೆ ಎಂದು ಆಣೆ ಮಾಡಿ ಹೇಳುವವರು ನಮ್ಮ ಉಟಗಿಯಲ್ಲಿ ಸಿಗಲಿಕ್ಕಿಲ್ಲ! ಊರವರೆಲ್ಲ ಕಂಡದ್ದು ಸೈಕಲ್ಲಿನ ಪಕ್ಕದಲ್ಲಿ ನಡೆಯುವ ಕಾಕಾನನ್ನೇ.

ದೇವರ ಮುಂದೆ, ಹಿರಿಯರ ಮುಂದೆ ಸೈಕಲ್ ಮೇಲೆ ಕೂತು ಹೋಗಬಾರದೆಂಬುದು ಹಳೆಯ ರೀತಿ. ಉಳಿದವರು ಈಗ ಒಂದು ಕೈ ಎದೆಗೆ ಮುಟ್ಟಿಸಿ ಸಾಗಿಬಿಡುತ್ತಾರೆ. ಕಾಕಾ ಹಾಗಲ್ಲ. ಹನುಮಪ್ಪನ ಗುಡಿ ಬಂತೇ, ಇಳಿದ. ದರ್ಗಾ ಬಂತೇ, ಇಳಿದ. ಕಟ್ಟೆಯ ಮೇಲೆ ಮುದುಕರು ಕೂತಿದ್ದಾರೆಯೇ, ಇಳಿದು, ಟೊಪ್ಪಿಗೆ ತೆಗೆದು, "ಆರಾಮ ಅದೀರಿಲ್ಲರಿ?" ಎಂದು ಕೇಳಿ ಮತ್ತೆ ಹತ್ತುವಷ್ಟರಲ್ಲಿ ಇನ್ನೊಬ್ಬ ಮುದುಕ! ನಮ್ಮೂರಲ್ಲಿ ಮುದುಕರಿಗೇನು ಬರವೇ? ಅವನ ಹೆಂಡತಿ, ನಮ್ಮ ಕಾಕು, ಮನೆಯಿಂದ ನಡೆದು ಹೋಗಿ, ಎಸ್‌ಟಿ ಬಸ್ಸು ಹಿಡಿದು, ಸಂಖ ಊರನ್ನು ಮುಟ್ಟಿರುತ್ತಿದ್ದಳು. ಸೈಕಲ್ಲಿನ ಕಾಕಾ ಇನ್ನೂ ಗುಡಿಯ ಹತ್ತಿರ! "ಹಿಂಗ ನಡ್ಯಾವಗ ಸೈಕಲ್ ಯಾಕೋ?" ಎಂದು ನಮ್ಮಪ್ಪ ಬೈದರೆ, "ಅಣ್ಣಾ, ಸೈಕಲ್ ಇಲ್ದ ಇಳಿಯೂದು ಹೆಂಗ?" ಎಂದ.

ಇನ್ನು ನನ್ನ ಕಥೆ. ನಲವತ್ತೊಂದು ವರ್ಷದ ಶಾಲಾ ಶಿಕ್ಷಕಿ ನಾನು. ಎರಡು ವರ್ಷದ ಹಿಂದೆ ಬಿಳೂರ ಹಾದಿಯ ಇಳಿಜಾರಿನಲ್ಲಿ ಸ್ಕೂಟರ್ ಸಮೇತ ಬಿದ್ದು ಕಾಲು ಮುರಿದುಕೊಂಡೆ. ಕಾಲೇನೋ ಕೂಡಿತು, ಧೈರ್ಯ ಕೂಡಲಿಲ್ಲ. ಇಳಿಜಾರು ಕಂಡರೆ ಕೈಕಾಲು ತಣ್ಣಗಾಗುತ್ತವೆ. ಮನೆಯ ಮೆಟ್ಟಿಲನ್ನೂ ಗೋಡೆ ಹಿಡಿದೇ ಇಳಿಯುತ್ತಿದ್ದೆ. ಡಾಕ್ಟರು ಸೈಕಲ್ ಹೊಡೆಯಿರಿ ಎಂದರು, ಗೇರಿನ ಸೈಕಲ್ಲೊಂದನ್ನು ಕೊಂಡೆ. ಸಪಾಟು ರಸ್ತೆಯಲ್ಲಿ ನಾನೇ ರಾಣಿ! ಆದರೆ ಊರ ಹಿಂದಿನ ಗುಡ್ಡದಿಂದ ಕುರಿಗಳು ಇಳಿಯುವ ದಾರಿಯೊಂದಿದೆ. ಗೋಡೆಗೆ ಏಣಿ ಆನಿಸಿದಷ್ಟು ಕಡಿದಾದದ್ದು. ರಜೆಯಲ್ಲಿ ಜತ್ತದ ಹುಡುಗರು ದಪ್ಪ ಗಾಲಿಯ ಸೈಕಲ್ ತಂದು ಹೋ ಎಂದು ಕೂಗುತ್ತ ಅದನ್ನು ಇಳಿಯುತ್ತಾರೆ. ಅದನ್ನು ಒಮ್ಮೆ ಇಳಿಯದಿದ್ದರೆ ಈ ಹೆದರಿಕೆ ಜನ್ಮಕ್ಕೆ ಅಂಟಿಕೊಳ್ಳುತ್ತದೆ ಎಂದು ಕಾಕಾನ ಮುಂದೆ ಬಾಯಿಬಿಟ್ಟೆ.

"ಬರೂ ಐತವಾರ ಇಳಿಯೂಣು, ನಡಿ."

"ನೀನೂ ಬರ್ತಿ?"

"ಯಾಕ? ನನ್ನ ಕಾಲ ಇನ್ನಾ ಮುರದಿಲ್ಲಲ್ಲ!"

ರವಿವಾರ ಮುಂಜಾನೆ ಬಂದ. ಅದೇ ಕರೀ ಸೈಕಲ್ಲು, ಹಿಂದೆ ಕ್ಯಾರಿಯರ್ರು. ತಲೆಗೆ ಹಾಸಿಗೆಯ ಚಾದರ ಸುತ್ತಿ, ಗದ್ದದ ಕೆಳಗೆ ಗಂಟು ಹಾಕಿದ್ದ. ಅದು ಹೆಲ್ಮೆಟ್ಟಂತೆ! ನನ್ನ ಸೈಕಲ್ಲಿನ ಗೇರು ಎಣಿಸಿ, "ಇಪ್ಪತ್ತೊಂದ? ಯವ್ವಾ, ಕಾಲ ಎರಡ ಅದಾವಲ್ಲ!" ಎಂದ.

ಗುಡ್ಡದ ನೆತ್ತಿಯಲ್ಲಿ ನಿಂತು ಕೆಳಗೆ ನೋಡಿದೆ. ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿದೆ. "ಕಾಕಾ, ನಾ ಒಲ್ಲೆ. ಹೊಳ್ಳಿ ಹೋಗೂಣು."

"ನಾ ಮುಂದ ಹೋಗ್ತೀನಿ. ನೀ ನನ್ನ ಗಂಟಿ ಕೇಳಕೋತ ಬಾ. ಬ್ರೇಕ್ ಮೆಲ್ಲಕ ಹಿಡಿ, ಜೀವ ಹಿಡದಂಗ ಹಿಡೀಬ್ಯಾಡ."

ಹೊರಟೇಬಿಟ್ಟ! ಧೋತರ ಪಟಪಟ, ಗಂಟೆ ಟ್ರಿಣ್ ಟ್ರಿಣ್. ಅಯ್ಯೋ, ಕಾಕಾನಿಗೆ ಸೈಕಲ್ ಹೊಡೆಯಲು ಬರುತ್ತದೆ! ಎಷ್ಟು ಚಂದ ಹೊಡೆಯುತ್ತಾನೆ! ಮೊದಲ ತಿರುವು ದಾಟಿದ, ಕೊರಕಲು ದಾಟಿದ. ಎರಡನೆಯ ತಿರುವಿನಲ್ಲಿ ಕುರಿಗಾರರು ಭಂಡಾರ ಹಚ್ಚಿ ಪೂಜಿಸುವ ಬೀರಪ್ಪನ ಕಲ್ಲಿದೆ. "ಕಾಕಾ, ಇಳೀಬ್ಯಾಡ!" ಎಂದು ಚೀರಿದೆ. ನಲವತ್ತು ವರ್ಷದ ರೂಢಿ ನನ್ನ ಮಾತು ಕೇಳುತ್ತದೆಯೇ? ಭರ್ರನೆ ಹೋಗುತ್ತಿದ್ದ ಸೈಕಲ್ಲಿನಿಂದ ಕಾಕಾ ಭಕ್ತಿಯಿಂದ ಕಾಲೆತ್ತಿ ಇಳಿದ. ಸೈಕಲ್ಲಿಗೆಲ್ಲಿಯ ಭಕ್ತಿ? ಅದು ಮುಂದೆ ಹೋಯಿತು, ಕಾಕಾ ಬಾರಿಕಂಟಿಯ ಮುಳ್ಳುಪೊದೆಯೊಳಗೆ ಹೋದ.

ನಾನು ಹೇಗೆ ಅಲ್ಲಿಗೆ ಮುಟ್ಟಿದೆನೋ ದೇವರೇ ಬಲ್ಲ. ಮುಳ್ಳಿನಲ್ಲಿ ಬಿದ್ದಿದ್ದ ಕಾಕಾ ಬೀರಪ್ಪನ ಕಡೆ ಕೈ ಮುಗಿದುಕೊಂಡೇ ಇದ್ದ. ಮೊಣಕಾಲು ತರಚಿತ್ತು, ಹೆಲ್ಮೆಟ್ಟು ಕಂಟಿಗೆ ಸಿಕ್ಕು ಜೋತಾಡುತ್ತಿತ್ತು.

"ಪೆಟ್ಟಾತೇನ ಕಾಕಾ?"

"ಅದ ಬಿಡು. ನೀ ಇಲ್ಲೀ ತನಕಾ ಹೆಂಗ ಬಂದಿ?"

ತಿರುಗಿ ನೋಡಿದೆ. ಅರ್ಧ ಗುಡ್ಡ ನನ್ನ ಹಿಂದಿತ್ತು. ಸೈಕಲ್ ಮೇಲೆಯೇ ಬಂದಿದ್ದೆ!

"ಉಳದದ್ದು ಒಬ್ಬಾಕೀನ ಹೋಗು. ನಾ ನಡಕೋತ ಬರ್ತೀನಿ, ನನಗ ರೂಢಿ ಐತಿ."

ಹೋದೆ. ಬ್ರೇಕನ್ನು ಮೆಲ್ಲಗೆ ಹಿಡಿಯುತ್ತ, ಬಿಡುತ್ತ ಹೋದೆ. ಬುಡ ಮುಟ್ಟಿದಾಗ ನಗು ಬಂತು, ಕಣ್ಣೀರೂ ಬಂತು. ಅಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಮುದುಕ ಎದ್ದು ಬಂದ.

"ಇಳದ್ರ್ಯಾ? ಚಲೋ ಆತ್ರಿ. ಐದಾರ ದಿನ ಆತು, ನಿಮ್ಮ ಕಾಕಾ ಮುಂಜಾನಿ ಹೊತ್ತ ಹೊಂಡೂಕ್ಕ ಬಂದು ಈ ದಾರ್ಯಾಗಿನ ಕಲ್ಲ ತಗ್ಯಾಕತ್ತಿದ್ರು. ಯಾಕ್ರಿ ಅಂದ್ರ, 'ನಮ್ಮ ಹುಡಗಿ ಇಳ್ಯಾಕಿ ಅದಾಳ, ಮತ್ತೊಮ್ಮಿ ಕಾಲ ಮುರೀಬಾರ್ದು' ಅಂದ್ರು."

ಕಾಕಾ ಕುಂಟುತ್ತ ಬಂದ. ಅವನ ಕೈ ಹಿಡಿದು ತಿರುಗಿಸಿ ನೋಡಿದೆ. ಅಂಗೈ ತುಂಬ ಬೊಬ್ಬೆ, ಉಗುರುಗಳೆಲ್ಲ ಒಡೆದಿದ್ದವು.

"ಬಾರಿ ಮುಳ್ಳು ಬಡದಾವು," ಎಂದು ಕೈ ಎಳೆದುಕೊಳ್ಳಲು ನೋಡಿದ. ನಾನು ಬಿಡಲಿಲ್ಲ. ಆ ಎರಡೂ ಕೈ ಹಿಡಿದುಕೊಂಡು ಸಣ್ಣ ಹುಡುಗಿಯ ಹಾಗೆ ಅತ್ತೆ.

"ಹುಚ್ಚಿ," ಎಂದ ಕಾಕಾ, ಅವನದೂ ಕಣ್ಣು ಒದ್ದೆ. "ಗುಡ್ಡ ಇಳದ ಮ್ಯಾಲ ಯಾರರೆ ಅಳ್ತಾರೇನ?"